ಆಡಬೇಡ ಎನ್ನುವವರ ಹೊಣೆ

ಮೈದಾನದಲ್ಲಿ ಓಡಾಡುವವರ ಹೃದಯ ಗಟ್ಟಿಯೆಂದು ನಾವೆಲ್ಲ ನಂಬಿದ್ದೇವೆ. 1990ರ ಮಾರ್ಚ್ 4ರಂದು ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಆಟಗಾರ ಹ್ಯಾಂಕ್ ಗ್ಯಾದರ್ಸ್ ಪಂದ್ಯದ ನಡುವೆ ಕುಸಿದು ಬಿದ್ದು ತೀರಿಕೊಂಡರು. ವಯಸ್ಸು 23. ಅವರ ಹೃದಯ ಬಡಿತ ಕ್ರಮ ತಪ್ಪಿರುವುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಔಷಧವೂ ನಡೆದಿತ್ತು, ಆಟಕ್ಕೆ ಅಡ್ಡಿಯಾಗುತ್ತದೆಂದು ಅದರ ಪ್ರಮಾಣ ತಗ್ಗಿಸಲಾಗಿತ್ತು. ರೋಗ ಪತ್ತೆಯಾದರಷ್ಟೇ ಸಾಲದು ಎಂಬುದಕ್ಕೆ ಇದು ಸಾಕ್ಷಿ.

ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವವರಿಗೆ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಕ್ರೀಡಾಪಟುಗಳ ಹೃದಯ ಸಂಬಂಧಿ ಹಠಾತ್ ಸಾವಿನ ಪ್ರಮಾಣ ಶೇಕಡಾ 89ರಷ್ಟು ಇಳಿಯಿತೆಂದು 2006ರ ಅಧ್ಯಯನವೊಂದು ಹೇಳಿತು. ಅಮೆರಿಕದ ಹೃದಯ ಸಂಘವು ಕುಟುಂಬದ ರೋಗಚರಿತ್ರೆ, ರೋಗಲಕ್ಷಣಗಳ ವಿಚಾರಣೆ ಮತ್ತು ದೈಹಿಕ ತಪಾಸಣೆಗೆ ಒತ್ತು ಕೊಟ್ಟಿತೇ ಹೊರತು ಎಲ್ಲರಿಗೂ ಇಸಿಜಿ ಕಡ್ಡಾಯವಾಗಬೇಕೆನ್ನಲಿಲ್ಲ. ವ್ಯಾಯಾಮದಿಂದ ಬಲಿತ ಆರೋಗ್ಯವಂತ ಹೃದಯವೂ ಇಸಿಜಿಯಲ್ಲಿ ರೋಗದ ಹೃದಯದಂತೆ ಕಾಣಬಹುದು. ಆಗ ಏನೂ ಇಲ್ಲದವನೂ ಆಟ ಬಿಡಬೇಕಾದೀತು.

ದೋಷ ತಿಳಿದ ಮೇಲೂ ಆಡುತ್ತೇನೆಂದು ವಿದ್ಯಾರ್ಥಿಯೇ ಹಟ ಹಿಡಿದರೆ? ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಯೊಬ್ಬನಿಗೆ ಹೈಸ್ಕೂಲಿನಲ್ಲಿರುವಾಗಲೇ ಹೃದಯ ಸ್ತಂಭನವಾಗಿ, ದೇಹದೊಳಗೆ ಡಿಫಿಬ್ರಿಲೇಟರ್ ಅಳವಡಿಸಲಾಗಿತ್ತು. ಆಡಲು ಬಿಡದ ವಿಶ್ವವಿದ್ಯಾಲಯದ ವಿರುದ್ಧ ಆತ ಅಂಗವಿಕಲರ ಹಕ್ಕಿನ ಕಾನೂನಿನಡಿ ದಾವೆ ಹೂಡಿದ. ಕೆಳ ನ್ಯಾಯಾಲಯದಲ್ಲಿ ಗೆದ್ದರೂ 1996ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತ. ವೈದ್ಯಕೀಯ ಪುರಾವೆಯ ಆಧಾರದಲ್ಲಿ ವಿವೇಚನೆಯಿಂದ ಕೈಗೊಂಡ ತೀರ್ಮಾನವನ್ನು ಸಂಸ್ಥೆಗೇ ಬಿಡಬೇಕೆಂಬುದು ತೀರ್ಪಿನ ಸಾರ. ಆದರೆ ನಮ್ಮ ಗಮನ ಸೆಳೆಯುವುದು ಬೇರೊಂದು ಸಂಗತಿ: ಆಡಲು ಬಿಡದಿದ್ದರೂ ಆತನಿಗೆ ಮಾತು ಕೊಟ್ಟಿದ್ದ ಕ್ರೀಡಾ ವಿದ್ಯಾರ್ಥಿವೇತನವನ್ನು ವಿಶ್ವವಿದ್ಯಾಲಯ ನಿಲ್ಲಿಸಲಿಲ್ಲ.

ನ್ಯಾಯದ ತಿರುಳು ಇರುವುದು ಇಲ್ಲಿಯೇ. ಶರೀರವು ದೇವನು ನಮ್ಮ ವಶಕ್ಕೆ ಒಪ್ಪಿಸಿದ ಅಮಾನತ್ ಎಂದು ನಾವು ನಂಬುತ್ತೇವೆ. ಅದನ್ನು ಪಣಕ್ಕಿಟ್ಟು ಜೂಜಾಡುವ ಹಕ್ಕು ಆಟಗಾರನಿಗೂ ಇಲ್ಲ, ಅವನನ್ನು ಆಡಿಸುವವರಿಗೂ ಇಲ್ಲ. ಆದರೆ ಬಡವರ ಮನೆಯ ಹುಡುಗನಿಗೆ ಈ ಉಪದೇಶ ಮಾಡುವ ಮುನ್ನ, ಅವನ ಓದು ಅವನ ಆಟವನ್ನೇ ನೆಚ್ಚಿಕೊಂಡಿದೆ ಎಂಬುದನ್ನು ನಾವು ಮರೆಯಬಾರದು. ಆಟ ನಿಂತೊಡನೆ ಓದೂ ನಿಲ್ಲುವುದಾದರೆ ಅವನು ತಲೆಸುತ್ತನ್ನೂ ಎದೆನೋವನ್ನೂ ಮುಚ್ಚಿಡುತ್ತಾನೆ. ವೈದ್ಯರ ಪ್ರಶ್ನೆಗೆ ಸುಳ್ಳು ಉತ್ತರ ಕೊಡುತ್ತಾನೆ. ಆ ಸುಳ್ಳಿನಲ್ಲಿ ನಮಗೆ ಪಾಲಿಲ್ಲವೇ?

ಆಡಬೇಡ ಎನ್ನುವ ಅಧಿಕಾರ ಸಂಸ್ಥೆಗಿರಲಿ. ಹಾಗೆಂದವರು ಅವನ ಓದಿನ ಹೊಣೆಯನ್ನೂ ಹೊರಲಿ. ಇಲ್ಲದಿದ್ದರೆ ತಪಾಸಣೆಯು ಜೀವ ಉಳಿಸುವ ಉಪಾಯವಾಗದೆ, ಮೊಕದ್ದಮೆಯಿಂದ ತಪ್ಪಿಸಿಕೊಳ್ಳುವ ದಾರಿಯಷ್ಟೇ ಆದೀತು.