ಯಾವ ಮುಖ ಇಟ್ಟುಕೊಂಡು

ನಲವತ್ತೆರಡನೆಯ ವಯಸ್ಸಿನಲ್ಲಿ ನನಗೆ ಮೊಡವೆಯಾಯಿತು. ಹದಿನಾರರಲ್ಲಿ ಆಗಲಿಲ್ಲ, ಹದಿನೆಂಟರಲ್ಲಿ ಆಗಲಿಲ್ಲ. ಆಗ ಗೆಳತಿಯರ ಕೆನ್ನೆಗಳನ್ನು ಕಂಡು ಒಳಗೊಳಗೇ ಹೆಮ್ಮೆಪಟ್ಟದ್ದೂ ಉಂಟು. ಆ ಹೆಮ್ಮೆಯ ಸಾಲವನ್ನು ಬಡ್ಡಿಸಹಿತ ವಸೂಲು ಮಾಡಲು ಬಂದಂತೆ, ಕಿವಿಯ ಪಕ್ಕದಲ್ಲಿ ಎರಡು ನರೆಗೂದಲು ಕಂಡ ವರ್ಷವೇ ಗಲ್ಲದ ಮೇಲೆ, ದವಡೆಯ ಅಂಚಿನಲ್ಲಿ ಅವು ಎದ್ದವು. ಮುಟ್ಟಿದರೆ ನೋವು, ಮುಟ್ಟದೆ ಇರಲು ಕೈ ಕೇಳದು.

ಹರೆಯದ ಹುಡುಗಿಯ ಮೊಡವೆಯನ್ನು ಕಂಡರೆ ಊರು ಮುಗುಳ್ನಗುತ್ತದೆ. ನಲವತ್ತು ದಾಟಿದವಳ ಮೊಡವೆಗೆ ಅಂಥ ರಿಯಾಯಿತಿ ಇಲ್ಲ. ಸುಶ್ರುತಸಂಹಿತೆಯೂ ಇದನ್ನು ತರುಣರ ಮುಖಕ್ಕೇ ಮೀಸಲಿಟ್ಟಿದೆ. ಬೂರುಗದ ಮುಳ್ಳಿನಂಥ ಗುಳ್ಳೆಯೆಂದು ವರ್ಣಿಸಿ ‘ಮುಖದೂಷಿಕೆ’ ಎಂದು ಹೆಸರಿಟ್ಟಿದೆ. ಬೂರುಗವನ್ನು ನೋಡಬೇಕಾದರೆ ನಮ್ಮ ಕಡೆಯವರು ದೂರ ಹೋಗಬೇಕಾಗಿಲ್ಲ, ಎಚ್.ಡಿ. ಕೋಟೆಯ ಕಾಡಿನತ್ತ ಹೊರಟರೆ ಸಾಕು. ಎಳೆಯ ಮರಕ್ಕೆ ಮೈತುಂಬ ಮುಳ್ಳು, ಬಲಿತಂತೆಲ್ಲ ಕಡಮೆಯಾಗುತ್ತವೆ. ನನ್ನ ಪಾಲಿಗೆ ಈ ಕ್ರಮ ತಿರುಗುಮುರುಗಾಯಿತು.

ನಾನು ಕನ್ನಡ ಅಧ್ಯಾಪಕಿ. ಅಕ್ಕಮಹಾದೇವಿ ಅರಮನೆಯನ್ನೂ ಉಡುಗೆಯನ್ನೂ ಬಿಟ್ಟು ನಡೆದ ಕಥೆಯನ್ನು ವರ್ಷಕ್ಕೊಮ್ಮೆಯಾದರೂ, ಗಂಟಲು ತುಂಬಿ ಬರುವಂತೆ ತರಗತಿಯಲ್ಲಿ ಹೇಳುವವಳು. ಆ ವರ್ಷವೂ ಹೇಳಿದೆ. ಆದರೆ ಎಂದಿಗಿಂತ ಹೆಚ್ಚಾಗಿ ಕರಿಹಲಗೆಯ ಮೇಲೆ ಬರೆದೆ. ಬರೆಯುವಾಗ ಮಕ್ಕಳಿಗೆ ಬೆನ್ನು ಕಾಣುತ್ತದಲ್ಲವೆ?

ಕೊನೆಗೊಂದು ಸಂಜೆ ಔಷಧಿ ಅಂಗಡಿಯೊಂದಕ್ಕೆ ಹೋಗಿ ಬೆರಳಿನಿಂದ ಗಲ್ಲ ತೋರಿಸಿದೆ. ಅಂಗಡಿಯವನು ಚೀಟಿ ಕೇಳಲಿಲ್ಲ. ಒಂದು ಟ್ಯೂಬ್ ಕೊಟ್ಟ. ಎಂಟು ದಿನಗಳಲ್ಲಿ ಮುಖ ತಿಳಿಯಾಯಿತು. ತಿಳಿಯಾದದ್ದು ಮಾತ್ರವಲ್ಲ, ಒಂದಿಷ್ಟು ಬೆಳ್ಳಗೂ ಆಯಿತು. ಅಧ್ಯಾಪಕರ ಕೊಠಡಿಯಲ್ಲಿ ಎರಡು ಮೆಚ್ಚುಗೆಯ ಮಾತುಗಳು ಬಂದವು. ನಾನು ಬೇಡವೆನ್ನಲಿಲ್ಲ.

ಹುಣಸೂರಿನ ನಮ್ಮ ಕಾಲೇಜಿಗೆ ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದಲೂ ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಹೆಚ್ಚಿನವು ಹೊಗೆಸೊಪ್ಪು ಬೆಳೆಯುವ ಮನೆಗಳು. ಸೊಪ್ಪು ಹದ ಮಾಡುವ ತಿಂಗಳಲ್ಲಿ ಬ್ಯಾರನ್ನಿನ ಉರಿ ಕಾದು ಬಂದ ಹುಡುಗರು ಹಳಗನ್ನಡದ ಪಾಠದಲ್ಲಿ ತೂಕಡಿಸಿದರೆ ನಾನು ಎಬ್ಬಿಸುವುದಿಲ್ಲ. ಅಂಥದೇ ಮನೆಯ ಹುಡುಗಿಯೊಬ್ಬಳು, ಪಿರಿಯಾಪಟ್ಟಣದ ಕಡೆಯವಳು, ಮೊಗಸಾಲೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಕೆನ್ನೆಯೆರಡೂ ಕೆಂಪು ಗುಳ್ಳೆ, ಕಪ್ಪು ಕಲೆ.

“ಮೇಡಂ, ನಿಮಗೆ ವಾಸಿಯಾಯ್ತಲ್ಲ, ಏನು ಹಚ್ಚಿದ್ರಿ?”

“ಏನೂ ಇಲ್ಲಮ್ಮ, ಕಡಲೆಹಿಟ್ಟು. ಮುಖಕ್ಕೆ ಅಷ್ಟೇಕೆ ತಲೆ ಕೆಡಿಸಿಕೊಳ್ಳುತ್ತೀಯೆ? ಓದಿನ ಕಡೆ ಗಮನ ಕೊಡು.”

ಮೊದಲನೆಯದು ಸುಳ್ಳು. ಮಿಕ್ಕದ್ದು ಉಪದೇಶ. ಸುಳ್ಳನ್ನು ಹೇಳಿದ ಉಸಿರಿನಲ್ಲೇ ಉಪದೇಶ ಹೇಗೆ ಬಂತೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಆ ಹುಡುಗಿಗೆ ಕೆಡುಕು ಬಯಸಿ ಹೇಳಿದ್ದಲ್ಲ, ಅದರಿಂದ ನನಗೆ ಬರಬೇಕಾದ ಲಾಭವೂ ಇರಲಿಲ್ಲ. ಅಕ್ಕನ ಪಾಠ ಮಾಡುವವಳು ಗಲ್ಲದ ಗುಳ್ಳೆಗಾಗಿ ಅಂಗಡಿಯ ಮುಂದೆ ನಿಂತಿದ್ದಳೆಂದು ಅವಳಿಗೆ ತಿಳಿಯಬಾರದಾಗಿತ್ತು, ಅಷ್ಟೆ. ನಮ್ಮ ಭಾಷೆ ಈ ವಿಷಯದಲ್ಲಿ ಬಲು ಎಚ್ಚರದ್ದು. ಮಾನ ಹೋದರೆ ಮುಖಕ್ಕೆ ಮಸಿ. ತಪ್ಪು ಮಾಡಿದವನಿಗೆ ಮುಖ ತೋರಿಸಲಾಗದು. ನಾಚಿಕೆಯಿಲ್ಲದವನು ಯಾವ ಮುಖ ಇಟ್ಟುಕೊಂಡು ಬಂದ ಎಂದು ಕೇಳುತ್ತೇವೆ. ಒಂದು ಮುಖದ ಗುಳ್ಳೆಯನ್ನು ಟ್ಯೂಬಿನಿಂದ ಮುಚ್ಚಿದೆ, ಇನ್ನೊಂದು ಮುಖವನ್ನು ಕಡಲೆಹಿಟ್ಟಿನಿಂದ.

ಟ್ಯೂಬಿನ ಮಹಿಮೆ ಎರಡು ತಿಂಗಳು ನಡೆಯಿತು. ಬಿಟ್ಟ ವಾರದಲ್ಲೇ ಮುಖ ಕೆಂಪೇರಿತು, ಬಿಸಿಲಿಗೆ ಹೋದರೆ ಉರಿ, ಗುಳ್ಳೆಗಳು ಮೊದಲಿನ ಎರಡರಷ್ಟು. ಸುಮಾರು ೪೫ ಕಿಲೋಮೀಟರು ಬಸ್ಸಿನಲ್ಲಿ ಕೂತು ಮೈಸೂರಿನ ಚರ್ಮವೈದ್ಯೆಯೊಬ್ಬರ ಬಳಿ ಹೋದೆ. “ಏನು ಹಚ್ಚಿದಿರಿ?” ಎಂದು ಕೇಳಿದರು. ಓದುಗರು ನಂಬಬೇಕು, ಅಲ್ಲಿಯೂ ಕಡಲೆಹಿಟ್ಟು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು.

ಟ್ಯೂಬಿನಲ್ಲಿದ್ದದ್ದು ಸ್ಟಿರಾಯ್ಡ್. ಅದು ಉರಿಯೂತವನ್ನು ಒತ್ತಿಹಿಡಿಯುತ್ತದೆ, ಬಣ್ಣವನ್ನೂ ತಿಳಿಗೊಳಿಸುತ್ತದೆ. ದಿನಗಳೆದಂತೆ ಚರ್ಮವನ್ನು ತೆಳುಮಾಡಿ ತಾನೇ ಮೊಡವೆ ಎಬ್ಬಿಸುತ್ತದೆ. ಬಿಟ್ಟರೆ ಕೆರಳುವುದರಿಂದ ಜನ ಬಿಡಲಾರದೆ ಮತ್ತೆ ಹಚ್ಚುತ್ತಾರೆ. ೨೦೧೮ರಲ್ಲಿ ಕೇಂದ್ರ ಸರ್ಕಾರ ೧೪ ಬಗೆಯ ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ಪಟ್ಟಿಗೆ ಸೇರಿಸಿತು. ಪಟ್ಟಿ ಒಂದು ಕಡೆ, ಅಂಗಡಿ ಒಂದು ಕಡೆ. ಇನ್ನು ನನ್ನ ವಯಸ್ಸಿನ ಮೊಡವೆ ವಿಚಿತ್ರವೇನಲ್ಲವಂತೆ. ಇಪ್ಪತ್ತೈದು ದಾಟಿದ ಮೇಲೆ ಇದು ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತದೆ. ಹಾರ್ಮೋನುಗಳ ಏರಿಳಿತದಿಂದ ಎಣ್ಣೆಗ್ರಂಥಿಗಳು ಕೆರಳುತ್ತವೆ, ರಂಧ್ರದ ಬಾಯಿ ಕಟ್ಟುತ್ತದೆ. ಮುಖ ತೊಳೆಯದ ಕೊಳೆಯಲ್ಲ. ರಾತ್ರಿ ತೆಳ್ಳಗೆ ಹಚ್ಚಲು ಒಂದು, ಬೆಳಗ್ಗೆ ಒಂದು ಬರೆದುಕೊಟ್ಟರು. (ಬೆಳಗಿನದು ಬೆಂಜಾಯ್ಲ್ ಪೆರಾಕ್ಸೈಡ್, ಅದು ಟವಲಿನ ಬಣ್ಣವನ್ನು ತಿನ್ನುತ್ತದೆ. ನಮ್ಮ ಮನೆಯ ನೀಲಿ ಟವಲುಗಳೆಲ್ಲ ಈಗ ಚುಕ್ಕಿ ಚಿರತೆಗಳು.) “ಹನ್ನೆರಡು ವಾರ ಬೇಕು. ಮೊದಲು ಹೆಚ್ಚಾದಂತೆಯೂ ಕಾಣಬಹುದು. ಅಷ್ಟು ದಿನ ನನ್ನನ್ನು ಬೈಯಬೇಡಿ” ಎಂದರು.

ಸಂಕ್ರಾಂತಿ ಕಳೆದ ಮೇಲೆ ಆ ಹುಡುಗಿ ಮತ್ತೆ ಸಿಕ್ಕಳು. ದುಪಟ್ಟದಲ್ಲಿ ಮುಖ ಮುಚ್ಚಿದ್ದಳು. ಬಿಚ್ಚಿದಾಗ ನನ್ನ ಮುಖವನ್ನೇ ಕನ್ನಡಿಯಲ್ಲಿ ಕಂಡಂತಾಯಿತು: ಅದೇ ಕೆಂಪು, ಅದೇ ಉರಿ. ಸೊಪ್ಪಿನ ದುಡ್ಡು ಕೈಗೆ ಬಂದಿತ್ತು, ಮದುವೆ ಗೊತ್ತಾಗಿತ್ತು. ಅದಕ್ಕೂ ಮುಂಚೆ ಒಂದು ಕಡೆಯವರು ನೋಡಿ ಬೇಡವೆಂದಿದ್ದರು. ಆಮೇಲೆ ಅವಳ ತಾಯಿ ಯಾರನ್ನೋ ಕೇಳಿ ಟ್ಯೂಬ್ ತಂದಿದ್ದಳು. ಹರಾಜು ಕಟ್ಟೆಯಲ್ಲಿ ಬೇಲಿನ ಬಣ್ಣ ನೋಡಿ ಬೆಲೆ ಕಟ್ಟುವುದನ್ನು ಕಂಡ ಮನೆಯವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

“ಕಡಲೆಹಿಟ್ಟು ಎರಡು ತಿಂಗಳು ಹಚ್ಚಿದೆ ಮೇಡಂ. ನಿಮಗೆ ಹತ್ತಿತು, ನನಗೆ ಹತ್ತಲಿಲ್ಲ. ನನ್ನ ಕೈಗುಣವೇ ಸರಿಯಿಲ್ಲ.”

ತತ್ತ್ವಶಾಸ್ತ್ರದ ಮೇಷ್ಟರೊಬ್ಬರಿಗೆ ಈ ಸಂಗತಿಯನ್ನು ಹೇಳಿದೆ. ಅವರು ನಕ್ಕು, “ನೀವು ನಿಜ ಹೇಳಿದ್ದರೆ ಟ್ಯೂಬಿನ ಹೆಸರನ್ನೇ ಹೇಳುತ್ತಿದ್ದಿರಿ. ನಿಮ್ಮ ಸುಳ್ಳು ಅವಳನ್ನು ಎರಡು ತಿಂಗಳಾದರೂ ಕಾಪಾಡಿತು” ಎಂದರು. ಲೆಕ್ಕ ಸರಿಯಾಗಿದೆ. ಆದರೂ ಒಪ್ಪಲಾರೆ. ಸುಳ್ಳು ಹೇಳಿದ ದಿನ ಟ್ಯೂಬ್ ವಿಷವೆಂದು ನಾನು ಅರಿತಿರಲಿಲ್ಲ. ಆ ಎರಡು ತಿಂಗಳು ಅದೃಷ್ಟದ ಜಮೆ, ನನ್ನದಲ್ಲ. ನನ್ನ ಲೆಕ್ಕಕ್ಕೆ ಬರುವುದು ಆ ಕೈಗುಣದ ಮಾತು. ನನ್ನ ಮಾತನ್ನು ನಂಬಿ ಅವಳು ತನ್ನನ್ನೇ ಅನುಮಾನಿಸಿದಳು.

ಇನ್ನು ಉಪದೇಶ. ಮುಖ ಮುಖ್ಯವಲ್ಲ ಎಂಬುದು ಸುಳ್ಳೆಂದು ಈಗಲೂ ನಾನು ಹೇಳಲಾರೆ. ಅಕ್ಕ ಅದನ್ನು ಹೇಳಬಲ್ಲಳು. ಎಲ್ಲವನ್ನೂ ಕಳೆದುಕೊಂಡು ಹೇಳಿದವಳು. ನನಗೆ ಕೆಲಸ ಕಾಯಂ ಆಗಿತ್ತು, ಮದುವೆಯಾಗಿ ಹದಿನೆಂಟು ವರ್ಷ. ನನ್ನ ಗಲ್ಲದ ಮೇಲೆ ಯಾವ ಬೆಲೆಯೂ ನಿಂತಿರಲಿಲ್ಲ. ಅವಳ ಕೆನ್ನೆಯನ್ನಾದರೋ ನೆಂಟರು ಕೂತು ನೋಡಿ ಎದ್ದು ಹೋಗಿದ್ದರು. ಏನೂ ಕಳೆದುಕೊಳ್ಳದ ನಾನು ಔಷಧಿ ಇಟ್ಟುಕೊಂಡು ಅವಳಿಗೆ ವೇದಾಂತ ಕೊಟ್ಟೆ.

ಒಂದು ದಿನ ಕೊನೆಯ ಪಾಠ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಟ್ಯೂಬಿನ ಹೆಸರು ಹೇಳಿದೆ, ಅವಳದೂ ಅದೇ. ಬಹಳ ಹೊತ್ತು ಮಾತಾಡಲಿಲ್ಲ.

“ಹಾಗಾದರೆ ಕಡಲೆಹಿಟ್ಟು, ಮೇಡಂ?”

“ನಾನು ಹಚ್ಚಲೇ ಇಲ್ಲ.”

ಅವಳು ಕಿಟಕಿಯ ಕಡೆ ನೋಡಿದಳು. ಹನ್ನೆರಡು ವಾರ ಕಾಯಬೇಕೆಂದೆ. ಬ್ಯಾರನ್ನಿನಲ್ಲಿ ಅವಸರದಿಂದ ಉರಿ ಏರಿಸಿದರೆ ಸೊಪ್ಪು ಕೆಡುತ್ತದೆಂಬುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವಳು ಹೇಳಿದ್ದು ಇಷ್ಟೆ: “ಮದುವೆಗೆ ಇರೋದು ಐದು ವಾರ, ಮೇಡಂ.” ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಶನಿವಾರ ಇಬ್ಬರೂ ಮೈಸೂರಿನ ಬಸ್ಸು ಹತ್ತಿದೆವು. ಗರ್ಭಿಣಿಯರು ಮುಟ್ಟಲೇಬಾರದ ಮಾತ್ರೆಗಳೂ ಈ ಚಿಕಿತ್ಸೆಯಲ್ಲಿ ಉಂಟು. ಮದುವೆಯ ಸಂಗತಿಯನ್ನು ಮೊದಲೇ ಹೇಳಬೇಕೆಂದು ದಾರಿಯಲ್ಲಿ ಅವಳಿಗೆ ಎರಡು ಸಲ ಹೇಳಿದೆ. ವೈದ್ಯೆ ಅವಳ ಕೆನ್ನೆಯನ್ನು ದೀಪಕ್ಕೆ ತಿರುಗಿಸಿ ನೋಡಿ, “ಏನು ಹಚ್ಚಿದೆ?” ಎಂದು ಕೇಳಿದರು. ಹುಡುಗಿ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕೈಚೀಲಕ್ಕೆ ಕೈಹಾಕಿ, ಅರ್ಧ ಮುಗಿದ ಟ್ಯೂಬನ್ನು ತೆಗೆದು ಮೇಜಿನ ಮೇಲಿಟ್ಟಳು.