ಆಣೆಕಲ್ಲಿಗಿಂತ ಮೊದಲು ಬಂದ ಮಾತು

ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶ
ವಾಕ್ಯಭಾಗ: ವಿಮೋಚನಕಾಂಡ 9:18–32; ಅಪೊಸ್ತಲರ ಕೃತ್ಯಗಳು 11:27–30

ದಯವಿಟ್ಟು ಕೂತುಕೊಳ್ಳಿ, ಬೈಬಲ್ ತೆರೆದಿಟ್ಟುಕೊಳ್ಳಿ.

ಇಲ್ಲಿ ಕೂತಿರೋರಲ್ಲಿ ಅನೇಕರು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯಿಂದ ಬಂದವರು. ಕೆಲಸ ಇಲ್ಲಿ, ಪಿಜಿ ಇಲ್ಲಿ, ಸಭೆ ಇಲ್ಲಿ. ಆದರೆ ಅಪ್ಪ ಅವ್ವ ಅಲ್ಲಿ, ಹೊಲ ಅಲ್ಲಿ. ಹಿಂಗಾರಿನ ಕೊನೆಗೆ, ಚಳಿ ಶುರುವಾದ ಮೇಲೂ, ಒಮ್ಮೊಮ್ಮೆ ಹವಾಮಾನ ಇಲಾಖೆಯ ನಕ್ಷೆ ನಿಮ್ಮ ಫೋನಿಗೆ ಬರ್ತದೆ. ಬೆಳಗಾವಿ ಜಿಲ್ಲೆ ಹಳದಿ, ಇಲ್ಲವೇ ಕಿತ್ತಳೆ. ಗುಡುಗು, ಸಿಡಿಲು, ಬಿರುಗಾಳಿ, ಕೆಲವು ಕಡೆ ಆಣೆಕಲ್ಲು. ನಾವು ಏನು ಮಾಡ್ತೀವಿ? ಒಂದು ಪ್ರಾರ್ಥನೆಯ ಇಮೋಜಿ ಹಾಕಿ, ಸ್ಟೇಟಸ್‌ಗೆ ಇಟ್ಟು, ಊಟಕ್ಕೆ ಹೋಗ್ತೀವಿ.

ಇವತ್ತು ಕರ್ತನು ಆ ನಕ್ಷೆಯ ಬಗ್ಗೆಯೇ ನಮ್ಮ ಜೊತೆ ಮಾತಾಡಬೇಕು ಅಂತ ನಾನು ನಂಬ್ತೇನೆ.

ನಮ್ಮ ಕಡೆ ಹಿಮ ಬೀಳೋದಿಲ್ಲ. ಆದರೆ ಮಂಜುಗಡ್ಡೆ ಬೀಳ್ತದೆ. ಮೋಡದೊಳಗೆ ಗಾಳಿ ಜೋರಾಗಿ ಮೇಲಕ್ಕೆ ನುಗ್ಗಿದಾಗ ಮಳೆಹನಿ ಹೆಪ್ಪುಗಟ್ಟುವ ಎತ್ತರಕ್ಕೆ ಹೋಗಿ, ಪದರ ಪದರವಾಗಿ ಬೆಳೆದು, ಗಾಳಿಗೆ ಹೊರಲಾಗದಷ್ಟು ಭಾರವಾದಾಗ ಕೆಳಗೆ ಬೀಳ್ತದೆ. ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲಿ. ಕೆಲವೊಮ್ಮೆ ಅದಕ್ಕೂ ಮುಂಚೆ. ಐದೇ ನಿಮಿಷ ಸಾಕು. ಅಥಣಿ, ಕಾಗವಾಡ ಕಡೆ ದ್ರಾಕ್ಷಿ ಮಾಡಿದವರನ್ನ ಕೇಳಿ. ಅಕ್ಟೋಬರ್ ಚಾಟ್ನಿ ಆದ ಮೇಲೆ ಮೋಡ, ಮಳೆ ಹಿಡಿದರೆ ಬಳ್ಳಿಗೆ ಡೌನಿ ರೋಗ. ಹಣ್ಣು ತುಂಬಿದಾಗ ಮಳೆ ಬಂದರೆ ಕಾಯಿ ಸೀಳ್ತದೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಒಣಗೋವಾಗ ತೇವ ಹೊಕ್ಕರೆ ಬಣ್ಣ ಕಪ್ಪಾಗಿ ದರ ಬೀಳ್ತದೆ. ಕಡಲೆ ಹೊಲದಲ್ಲಿ ಎಲೆಯ ಹುಳಿ ತೊಳೆದುಹೋಗ್ತದೆ. ನಿಪ್ಪಾಣಿ ಕಡೆ ತಂಬಾಕಿನ ಎಲೆಯ ಅಂಟು ತೊಳೆದುಹೋಗ್ತದೆ. ನಿಮ್ಮ ಕಾಲೇಜು ಫೀಸು ಬಂದದ್ದು ಇಂಥ ಹೊಲಗಳಿಂದಲೇ. ಅದಕ್ಕೆ ಈ ವಿಷಯ ಸಣ್ಣದಲ್ಲ.

ಈಗ ವಿಮೋಚನಕಾಂಡ 9. ಅಲ್ಲಿ ಏಳನೆಯ ಉಪದ್ರವ ಆನೆಕಲ್ಲಿನ ಮಳೆ. ನಾವು ಸಾಮಾನ್ಯವಾಗಿ ಕಲ್ಲನ್ನೇ ನೋಡ್ತೀವಿ, ಕಲ್ಲಿಗಿಂತ ಮೊದಲು ಬಂದ ಮಾತನ್ನ ನೋಡೋದಿಲ್ಲ. 18ನೇ ವಚನ ಗಮನಿಸಿ. ದೇವರು ಮೋಶೆಯ ಮೂಲಕ ಫರೋಹನಿಗೆ ಹೊತ್ತು ಹೇಳ್ತಾನೆ: ನಾಳೆ, ಇಷ್ಟು ಹೊತ್ತಿಗೆ. 19ರಲ್ಲಿ ಏನು ಮಾಡಬೇಕು ಅಂತಲೂ ಹೇಳ್ತಾನೆ: ಹೊಲದಲ್ಲಿರುವ ಜನರನ್ನೂ ಪಶುಗಳನ್ನೂ ಒಳಗೆ ತರಿಸಿಕೋ. ಪ್ರಿಯರೇ, ಇದು ಮುನ್ಸೂಚನೆ! ಯಾರಿಗೆ ಕೊಟ್ಟದ್ದು? ವೈರಿಗೆ. ನ್ಯಾಯತೀರ್ಪಿನ ದಿನದಲ್ಲೂ ನಮ್ಮ ದೇವರು ಒಂದು ದಿನದ ವಾಯಿದೆ ಕೊಡ್ತಾನೆ. ಎಚ್ಚರಿಕೆ ಅಂದರೆ ಬೆದರಿಕೆ ಅಲ್ಲ, ಅದು ಕೃಪೆ. ಹಲ್ಲೆಲೂಯಾ!

ಇನ್ನೊಂದು ನೋಡಿ. ಆ ಎಚ್ಚರಿಕೆಯಲ್ಲಿ ದನಗಳೂ ಇವೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ತುಂಬಿ ಬಂದದ್ದು ನಿಮಗೆ ನೆನಪಿದೆ. ಯಮಗರ್ಣಿ ಹತ್ತಿರ ಹೆದ್ದಾರಿ ಮೇಲೆಯೇ ನೀರು. ಆಗ ಹಳ್ಳಿಯಲ್ಲಿ ಕೇಳಿಬಂದ ದೊಡ್ಡ ಪ್ರಶ್ನೆ ಯಾವುದು? "ಎಮ್ಮಿ ಬಿಟ್ಟು ಹ್ಯಾಂಗ ಬರೋದು?" ಪಟ್ಟಣದಲ್ಲಿ ಕೂತವರಿಗೆ ಅದು ಹಟ ಅನ್ನಿಸಬಹುದು. ಮನೆ ನಡೆಯೋದೇ ಆ ಎಮ್ಮೆಯ ಹಾಲಿನಿಂದ ಅಂತ ನಮ್ಮ ದೇವರಿಗೆ ಗೊತ್ತು. ಆದ್ದರಿಂದ ಆತನ ಮುನ್ಸೂಚನೆಯಲ್ಲಿ ಕೊಟ್ಟಿಗೆಯೂ ಸೇರಿದೆ.

ಈಗ 20 ಮತ್ತು 21ನೇ ವಚನ. ಒಂದೇ ಮುನ್ಸೂಚನೆ, ಎರಡು ಗುಂಪು. ಫರೋಹನ ಪರಿವಾರದಲ್ಲಿ ಕರ್ತನ ಮಾತಿಗೆ ಭಯಪಟ್ಟವರು ತಮ್ಮ ಆಳುಗಳನ್ನೂ ಪಶುಗಳನ್ನೂ ಮನೆಯೊಳಗೆ ಓಡಿಸಿದರು. ಲಕ್ಷ್ಯ ಕೊಡದವರು ಹೊಲದಲ್ಲೇ ಬಿಟ್ಟರು. ಆ ದಿನ ಐಗುಪ್ತದಲ್ಲಿ ನಂಬಿಕೆ ಇದೆಯೋ ಇಲ್ಲವೋ ಅಂತ ಹೇಗೆ ಗೊತ್ತಾಯ್ತು? ಯಾರು ಜೋರಾಗಿ ಹಾಡಿದರು ಅಂತ ಅಲ್ಲ. ಯಾರ ಕೊಟ್ಟಿಗೆ ತುಂಬಿತ್ತು ಅಂತ.

ಇಲ್ಲಿ ನನ್ನ ಹೃದಯಕ್ಕೆ ತಟ್ಟಿದ ಒಂದು ಮಾತಿದೆ. ಮಾತು ಕೇಳಿಸಿಕೊಂಡವರು ಯಜಮಾನರು. ಹೊಲದಲ್ಲಿ ನಿಂತಿದ್ದವರು ಆಳುಗಳು. ಯಜಮಾನನು ಅಸಡ್ಡೆ ಮಾಡಿದರೆ ಕಲ್ಲು ಬೀಳೋದು ಆಳಿನ ತಲೆ ಮೇಲೆ. ತಮ್ಮಂದಿರೇ, ತಂಗಿಯರೇ, ಇವತ್ತು ಮಾತು ಕೇಳಿಸಿಕೊಂಡವರು ನೀವು. ಮೊಬೈಲು ನಿಮ್ಮ ಕೈಯಲ್ಲಿದೆ. ಚಳಿಗಾಲ ಅಂದರೆ ನಮ್ಮ ಕಡೆ ಕಬ್ಬಿನ ಹಂಗಾಮು. ಮಹಾರಾಷ್ಟ್ರದ ಬೀಡ್ ಕಡೆಯಿಂದ, ಬೇರೆ ಬೇರೆ ಊರುಗಳಿಂದ ಕಬ್ಬು ಕಡಿಯೋ ಗ್ಯಾಂಗ್‌ಗಳು ಬಂದಿರ್ತಾವೆ. ತಾಡಪತ್ರಿ ಹೊದಿಸಿದ ಜೋಪಡಿ, ಒಳಗೆ ಸಣ್ಣ ಮಕ್ಕಳು, ಹೊರಗೆ ಎತ್ತು. ರಾತ್ರಿ ಆಣೆಕಲ್ಲು ಬಿದ್ದರೆ ಮೊದಲು ಹರಿಯೋದು ಆ ತಾಡಪತ್ರಿ. ನಿಮ್ಮ ಅಪ್ಪನ ಹೊಲದ ಬದುವಿನಲ್ಲೇ ಅಂಥ ಜೋಪಡಿ ಇರಬಹುದು. "ಅಪ್ಪಾ, ಇವತ್ತು ರಾತ್ರಿ ಅವರನ್ನ ಶಾಲೆಯ ಕಟ್ಟೆಗೋ ನಮ್ಮ ಶೆಡ್ಡಿಗೋ ಕರ್ಕೊಂಡು ಬಾ" ಅಂತ ಒಂದು ಫೋನ್ ಮಾಡಿ. 20ನೇ ವಚನದ ವಿಧೇಯತೆ ಅಂದರೆ ಇದೇ.

ಈಗ ಯಾರೋ ಮನಸ್ಸಿನಲ್ಲಿ ಕೇಳ್ತಿದ್ದೀರಿ: "ಪಾಸ್ಟರ್, ಯೇಸು ಬಿರುಗಾಳಿಯನ್ನ ಗದರಿಸಿದಾನಲ್ಲ? ನಾವು ಹವಾಮಾನ ಇಲಾಖೆಯನ್ನ ನಂಬಿದರೆ ಅದು ಅವಿಶ್ವಾಸ ಅಲ್ಲವಾ?" ಒಳ್ಳೆಯ ಪ್ರಶ್ನೆ. ಆತನು ಗದರಿಸಿದಾನೆ, ಇವತ್ತೂ ಗದರಿಸಬಲ್ಲನು. ಆಮೆನ್? ಆದರೆ ಅದೇ ಯೇಸು ಮತ್ತಾಯ 16ರಲ್ಲಿ, ಆಕಾಶದ ಬಣ್ಣ ನೋಡಿ ಹವೆ ಹೇಳೋದು ನಿಮಗೆ ಗೊತ್ತಲ್ಲ ಅಂತ ಜನರಿಗೆ ಹೇಳ್ತಾನೆ. ಆ ತಿಳುವಳಿಕೆಯನ್ನ ಆತನು ತಪ್ಪು ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಗುರುತುಗಳನ್ನ ನೋಡದ ಕಣ್ಣನ್ನ ತಪ್ಪು ಅಂದನು.

ಅಪೊಸ್ತಲರ ಕೃತ್ಯಗಳು 27ಕ್ಕೆ ಬನ್ನಿ. ಚಳಿಗಾಲ ಹತ್ತಿರ. ಹಡಗು ಮುಂದೆ ಹೋದರೆ ನಷ್ಟ ಅಂತ ಪೌಲ ಹೇಳ್ತಾನೆ. ಶತಾಧಿಪತಿ ನಾವಿಕನ ಮಾತು, ಹಡಗಿನ ಯಜಮಾನನ ಮಾತು ಕೇಳ್ತಾನೆ. ತೆಂಕಣ ಗಾಳಿ ಮೆಲ್ಲಗೆ ಬೀಸಿತು, ಎಲ್ಲರಿಗೂ ಸಮಾಧಾನ ಆಯ್ತು. ಆಮೇಲೆ ಬಂತು ಬಿರುಗಾಳಿ, ಹದಿನಾಲ್ಕು ರಾತ್ರಿ. ನಡುವೆ ದೇವದೂತನು ಬಂದು, ಹಡಗಿನಲ್ಲಿದ್ದ ಯಾರ ಪ್ರಾಣವೂ ಹೋಗೋದಿಲ್ಲ ಅಂತ ಪೌಲನಿಗೆ ಭರವಸೆ ಕೊಡ್ತಾನೆ. ಒಟ್ಟು 276 ಜನ. ಭರವಸೆ ಸಿಕ್ಕಿತಲ್ಲ, ಪೌಲ ಮಲಗಿದನಾ? ಇಲ್ಲ. ನಾವಿಕರು ದೋಣಿ ಇಳಿಸಿ ತಪ್ಪಿಸಿಕೊಳ್ಳೋಕೆ ನೋಡಿದಾಗ, ಇವರು ಹಡಗಿನಲ್ಲಿ ಇರದಿದ್ದರೆ ನೀವು ಉಳಿಯೋದಿಲ್ಲ ಅಂತ ಎಚ್ಚರಿಸಿದ. ಊಟ ಮಾಡಿಸಿದ. ಆಮೇಲೆ ಹಡಗಿನವರು ಗೋದಿಯನ್ನ ಸಮುದ್ರಕ್ಕೆ ಸುರಿದು ಹಡಗು ಹಗುರ ಮಾಡಿದರು. ಭರವಸೆಯೂ ಇತ್ತು, ಲಂಗರೂ ಇತ್ತು. ಪವಿತ್ರಾತ್ಮನಿಂದ ತುಂಬಿದ ಮನುಷ್ಯ ಎರಡನ್ನೂ ಹಿಡಿದುಕೊಂಡಿದ್ದ. ಸಿಡಿಲು ಹೊಡೆಯೋವಾಗ ಮರದ ಕೆಳಗೆ ನಿಂತು "ನನಗೆ ಏನೂ ಆಗಲ್ಲ" ಅನ್ನೋದು ನಂಬಿಕೆ ಅಲ್ಲ. ದೇವಾಲಯದ ಶಿಖರದಿಂದ ಜಿಗಿ ಅಂತ ಯೇಸುವಿಗೆ ಹೇಳಿದವನು ಯಾರು ಅಂತ ನಿಮಗೆ ಗೊತ್ತು.

ಎರಡನೇ ಪ್ರಶ್ನೆ ಇನ್ನೂ ಸೂಕ್ಷ್ಮ. ಬೆಳೆ ಹೋದವರ ಮುಂದೆ ನಿಂತು "ಇದು ನಿಮ್ಮ ಪಾಪಕ್ಕೆ ಬಂದ ಶಿಕ್ಷೆ" ಅನ್ನೋರು ಇದ್ದಾರೆ. ವಿಮೋಚನಕಾಂಡದ ಕಲ್ಲು ಶಿಕ್ಷೆಯೇ. ಯಾಕಂದರೆ ದೇವರೇ ಬಾಯಿಬಿಟ್ಟು ಹಾಗೆ ಹೇಳಿದನು. ಅಥಣಿಯ ದ್ರಾಕ್ಷಿ ತೋಟದ ಬಗ್ಗೆ ಆತನು ನಿಮಗೆ ಹಾಗೆ ಹೇಳಿದಾನಾ? ಲೂಕ 13ರಲ್ಲಿ ಸಿಲೋವದ ಬುರುಜು ಬಿದ್ದು ಹದಿನೆಂಟು ಜನ ಸತ್ತರು. ಅವರು ಬೇರೆಯವರಿಗಿಂತ ಹೆಚ್ಚು ಪಾಪಿಗಳಲ್ಲ ಅಂತ ಯೇಸು ಹೇಳ್ತಾನೆ. ನೀವು ಮಾನಸಾಂತರಪಡಿ ಅಂತ ಕೇಳುವವರ ಕಡೆಗೇ ತಿರುಗ್ತಾನೆ. ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಔಷಧಿ ಅಂಗಡಿಯ ಬಾಕಿ ಹೊತ್ತು, ನೆಲಕ್ಕೆ ಬಿದ್ದ ಗೊಂಚಲುಗಳ ನಡುವೆ ಮಾತಿಲ್ಲದೆ ಕೂತ ಮನುಷ್ಯನ ಮುಂದೆ ಮೋಶೆಯ ಕೋಲು ಹಿಡಿದು ನಿಲ್ಲಬೇಡಿ. ಅವನ ಪಕ್ಕದಲ್ಲಿ ಕೂತುಕೊಳ್ಳಿ.

ಇನ್ನು ಕೆಲವರು ಹೇಳ್ತೀರಿ: "ಗೋಷೆನ್ ಸೀಮೆಯಲ್ಲಿ ಕಲ್ಲು ಬೀಳಲಿಲ್ಲ, ನಮ್ಮ ಹೊಲ ಗೋಷೆನ್." ಹಾಗೆ ಪ್ರಾರ್ಥಿಸಿ, ನಾನೂ ಪ್ರಾರ್ಥಿಸ್ತೇನೆ. ಆದರೆ ನಿಮ್ಮ ಹೊಲಕ್ಕೂ ಪಕ್ಕದ ಹೊಲಕ್ಕೂ ನಡುವೆ ಇರೋದು ಒಂದೇ ಬದು. ನನ್ನದು ಉಳಿಯಲಿ, ಅವನದು ಹೋಗಲಿ ಅನ್ನೋದು ಕ್ರಿಸ್ತನ ಪ್ರಾರ್ಥನೆ ಅಲ್ಲ. ನಮ್ಮ ತಂದೆ ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುವವನು.

ಹಾಗಾದರೆ ಸಭೆ ಏನು ಮಾಡಬೇಕು? ಅಪೊಸ್ತಲರ ಕೃತ್ಯಗಳು 11. ಅಂತಿಯೋಕ್ಯದಲ್ಲಿ ಅಗಬನೆಂಬ ಪ್ರವಾದಿ ಎದ್ದು, ದೊಡ್ಡ ಬರ ಬರ್ತದೆ ಅಂತ ಪವಿತ್ರಾತ್ಮನ ಪ್ರೇರಣೆಯಿಂದ ಸೂಚಿಸಿದನು. ಕ್ಲೌದಿಯನ ಕಾಲದಲ್ಲಿ ಅದು ಬಂತು. ನಾವು ಪೆಂಟೆಕೋಸ್ಟಲ್ ಜನ, ಪ್ರವಾದನೆ ಅಂದರೆ ಎದ್ದು ಕೂರ್ತೀವಿ. ಆದರೆ ಪ್ರವಾದನೆ ಕೇಳಿದ ಅಂತಿಯೋಕ್ಯದವರು ಏನು ಮಾಡಿದರು ಅಂತ ಲೂಕ ಬರೆಯೋದು ನೋಡಿ. ಪ್ರತಿಯೊಬ್ಬನು ತನ್ನ ಶಕ್ತಿಗೆ ತಕ್ಕಂತೆ ಯೂದಾಯದ ಸಹೋದರರಿಗೆ ಸಹಾಯ ಕಳಿಸಬೇಕು ಅಂತ ತೀರ್ಮಾನ ಮಾಡಿದರು. ಬಾರ್ನಬ, ಸೌಲರ ಕೈಯಲ್ಲಿ ಕಳಿಸಿಯೂ ಬಿಟ್ಟರು. ಆತ್ಮನು ಮುನ್ಸೂಚನೆ ಕೊಟ್ಟನು, ಸಭೆ ಜೇಬಿಗೆ ಕೈ ಹಾಕಿತು. ಇದೇ ಆತ್ಮನ ಅಭಿಷೇಕ! ಸ್ತೋತ್ರ!

ಆದ್ದರಿಂದ ಈ ಚಳಿಗಾಲಕ್ಕೆ ಮೂರು ಕೆಲಸ ಹೇಳ್ತೇನೆ, ಬರೆದುಕೊಳ್ಳಿ.

ಒಂದು, ಎಚ್ಚರವಾಗಿರಿ. ಹಳದಿ ಅಂದರೆ ಗಮನ ಇಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕೆಲಸಕ್ಕೆ ಇಳಿಯಿರಿ. ರೈತರಿಗೆ ಮೇಘದೂತ ಆ್ಯಪ್ ಇದೆ, ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಊರಿಗೆ ಹೋದಾಗ ಅಪ್ಪನ ಫೋನಿನಲ್ಲಿ ಹಾಕಿಕೊಡಿ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಒಳಗೆ ಹೋಗಬೇಕು. ಕೊನೆಯ ಗುಡುಗಿನ ನಂತರ 30 ನಿಮಿಷ ಹೊರಗೆ ಬರಬಾರದು. ಅಪ್ಪ "ಬಿಡ ತಮ್ಮಾ, ಏನ್ ಆಗತೈತಿ" ಅಂತಾರೆ. ಸಿಟ್ಟಾಗಬೇಡಿ, ಮತ್ತೆ ಹೇಳಿ. ಮೋಶೆಯೂ ಮತ್ತೆ ಮತ್ತೆ ಹೋಗಿ ಹೇಳಿದ.

ಎರಡು, ಮುಂಚೆಯೇ ಕೂಡಿಸಿ. ಈ ತಿಂಗಳಿಂದಲೇ ನಿಮ್ಮ ಸೆಲ್ ಗ್ರೂಪಿನಲ್ಲಿ ಶಕ್ತಿಗೆ ತಕ್ಕಷ್ಟು ತೆಗೆದಿಡಿ. ಒಂದು ಪಿಜ್ಜಾದ ದುಡ್ಡು ಆದರೂ ಸರಿ. ಕಲ್ಲು ಬಿದ್ದ ಮೇಲೆ ಸಭೆ ಸೇರಿಸಿ ಚರ್ಚೆ ಮಾಡೋದಕ್ಕಿಂತ, ತಾಡಪತ್ರಿ ಕೊಳ್ಳೋ ದುಡ್ಡು ಮೊದಲೇ ಕೈಯಲ್ಲಿ ಇರಲಿ. ಕೊಡೋವಾಗ ಯಾವ ದೇವರಿಗೆ ನಡೆದುಕೊಳ್ತೀರಿ ಅಂತ ಕೇಳಬೇಡಿ.

ಮೂರು, ಆದ ಮೇಲೆ ಹೋಗಿ. ಬೆಳೆ ವಿಮೆ ಮಾಡಿಸಿದ್ದರೆ ಆಣೆಕಲ್ಲಿನ ನಷ್ಟವನ್ನ 72 ಗಂಟೆಯೊಳಗೆ ತಿಳಿಸಬೇಕು. ಎಷ್ಟೋ ಹಿರಿಯರು ದುಃಖದಲ್ಲೇ ಆ ಮೂರು ದಿನ ಕಳೆದುಬಿಡ್ತಾರೆ. ಅದನ್ನ ಫೋನಿನಲ್ಲಿ ದಾಖಲಿಸೋದು, ಫೋಟೋ ತೆಗೆಯೋದು ನಿಮ್ಮ ಕೈಯಲ್ಲಿ ಆಗೋ ಸೇವೆ. ಒಂದು ಶನಿವಾರ ಬಸ್ಸು ಹತ್ತಿ. ಮೆಲೀತೆ ದ್ವೀಪದವರು ಪೌಲನನ್ನ ಹೇಗೆ ಬರಮಾಡಿಕೊಂಡರು? ಮಳೆ, ಚಳಿ ಇತ್ತು ಅಂತ ಮೊದಲು ಬೆಂಕಿ ಹೊತ್ತಿಸಿದರು.

ಕೊನೆಯದಾಗಿ ಒಂದು ಮಾತು. ಉಪವಾಸ ಇದ್ದು ಪ್ರಾರ್ಥಿಸಿದ ಮೇಲೂ ಕಲ್ಲು ಬಿದ್ದ ಮನೆಗಳಿವೆ. "ನನ್ನ ನಂಬಿಕೆ ಸಾಲಲಿಲ್ಲವೇನೋ" ಅಂತ ಒಳಗೊಳಗೇ ನವೆಯುತ್ತಿರೋ ತಾಯಂದಿರಿದ್ದಾರೆ. ಅವರಿಗೆ ಹಬಕ್ಕೂಕ 3ನ್ನ ಓದಿ ಹೇಳಿ. ಅಂಜೂರ ಚಿಗುರದೆ, ದ್ರಾಕ್ಷಿಯಲ್ಲಿ ಫಲವಿಲ್ಲದೆ, ಹಟ್ಟಿಯಲ್ಲಿ ದನವಿಲ್ಲದೆ ಹೋದರೂ ಕರ್ತನಲ್ಲಿ ಸಂತೋಷಿಸುವೆ ಅಂದವನು ಅವಿಶ್ವಾಸಿ ಅಲ್ಲ, ಪ್ರವಾದಿ. ಬರಿಗೈಯಲ್ಲೂ ಆ ಸ್ತೋತ್ರ ದೇವರಿಗೆ ಮುಟ್ಟಿತು.

ವಿಮೋಚನಕಾಂಡ 9ರ 31, 32ನೇ ವಚನಗಳನ್ನ ಮನೆಗೆ ಹೋಗಿ ಓದಿ. ಅಗಸೆ ಹೋಯ್ತು, ಜವೆಗೋದಿ ಹೋಯ್ತು. ಗೋದಿ ಉಳೀತು, ಯಾಕಂದರೆ ಅದು ತಡವಾಗಿ ಬರೋ ಬೆಳೆ. ಅಷ್ಟು ದೊಡ್ಡ ನಾಶದ ನಡುವೆಯೂ ಉಳಿದ ಬೆಳೆಯನ್ನ ಪವಿತ್ರಾತ್ಮನು ಮರೆಯದೆ ಬರೆಸಿದಾನೆ.

ಎದ್ದು ನಿಲ್ಲೋಣ, ಕಣ್ಣು ಮುಚ್ಚೋಣ. ತಂದೆಯೇ, ಕೃಷ್ಣಾ ತೀರದ ಹಳ್ಳಿಗಳನ್ನ, ಅಥಣಿಯ ಒಣ ಹೊಲಗಳನ್ನ, ಕಬ್ಬಿನ ಜೋಪಡಿಗಳಲ್ಲಿ ಮಲಗಿರೋ ಮಕ್ಕಳನ್ನ ನಿನ್ನ ಕೈಗೆ ಒಪ್ಪಿಸ್ತೇವೆ. ಗಾಳಿಗೆ ಅಪ್ಪಣೆ ಕೊಡು. ಕೇಳಿದ ಮಾತಿಗೆ ಲಕ್ಷ್ಯ ಕೊಡೋ ಹೃದಯ ನಮಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.

ಪ್ರಾರ್ಥನೆ ಮುಗೀತು. ಹೊರಗೆ ಹೋದ ಕೂಡಲೇ ಮನೆಗೆ ಫೋನ್ ಮಾಡಿ.