ಇಂದಿನ ಧಮ್ಮ ಚಿಂತನೆ: ಮೊದಲ ಶೀಲ ಮತ್ತು ಬೆಟ್ಟದ ಗಿಳಿ

 

ಈ ದಿನ ಬರೆಯುವ ಸರದಿ ನನ್ನದು. ನಾನು ಮಗಳ ಮನೆಗೆಂದು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ಗೆ ಬಂದಿರುವುದು ನಿಮಗೆಲ್ಲ ಗೊತ್ತು. ದಾನಪಾರಮಿತೆಯ ಬಗ್ಗೆ ಬರೆಯೋಣವೆಂದು ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಆದರೆ ಎರಡು ವಾರದಿಂದ ಬೆಳಿಗ್ಗೆ ಪಂಚಶೀಲ ಹೇಳಿಕೊಳ್ಳುವಾಗ ಮೊದಲನೆಯದರಲ್ಲೇ ನಾಲಗೆ ತಡೆಯುತ್ತಿದೆ. ಅದನ್ನೇ ಬರೆಯುತ್ತೇನೆ.

ಇಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಎರಡು ಗಂಟೆ ಹೋದರೆ ಆರ್ಥರ್ಸ್ ಪಾಸ್ ಎಂಬ ಘಾಟಿ ಸಿಗುತ್ತದೆ. ಸದರ್ನ್ ಆಲ್ಪ್ಸ್ ಪರ್ವತಸಾಲನ್ನು ದಾಟುವ ದಾರಿ ಅದು, ಸುಮಾರು 920 ಮೀಟರ್ ಎತ್ತರ. ಮಾವೊರಿ ಜನರಿಗೆ ಮೊದಲೇ ಗೊತ್ತಿದ್ದ ದಾರಿ. 1864ರಲ್ಲಿ ಆರ್ಥರ್ ಡಾಬ್ಸನ್ ಎಂಬಾತ ಸರ್ವೆ ಮಾಡಿದ್ದರಿಂದ ಅವನ ಹೆಸರು ಬಂತು. 1929ರಿಂದ ಸುತ್ತಲಿನ ಬೆಟ್ಟ, ಕಾಡು, ನದಿಗಳೆಲ್ಲ ರಾಷ್ಟ್ರೀಯ ಉದ್ಯಾನ. ಆಗುಂಬೆ ನೋಡಿದ ನಮಗೆ ಘಾಟಿ ಹೊಸದಲ್ಲ. ಆದರೆ ಇಲ್ಲಿ ಒಂದೇ ಗಂಟೆಯಲ್ಲಿ ಎರಡು ಬೇರೆ ಲೋಕಗಳನ್ನು ನೋಡಬಹುದು. ಪೂರ್ವದ ಇಳಿಜಾರಿನಲ್ಲಿ ಬೀಚ್ ಮರಗಳ ಕಾಡು. ಮರ ದೊಡ್ಡದು, ಎಲೆ ಮಾತ್ರ ಕಿರುಬೆರಳಿನ ಉಗುರಿನಷ್ಟು, ಬುಡಕ್ಕೆಲ್ಲ ಪಾಚಿ. ಘಟ್ಟದ ತಲೆ ದಾಟಿ ಪಶ್ಚಿಮಕ್ಕೆ ಇಳಿದರೆ ಒದ್ದೆ ಮಳೆಕಾಡು. ಸಮುದ್ರದ ಕಡೆಯಿಂದ ಬರುವ ಮೋಡ ಆ ಪಕ್ಕದಲ್ಲೇ ಬಹುಪಾಲು ಸುರಿದು ಖಾಲಿಯಾಗುತ್ತದೆ, ನಮ್ಮ ಮಲೆನಾಡಿನ ಹಾಗೆಯೇ.

ಈ ನಾಡಿಗೆ ಮನುಷ್ಯರು ಬರುವ ಮೊದಲು ಇಲ್ಲಿನ ನೆಲದ ಮೇಲೆ ಇದ್ದ ಸಸ್ತನಿ ಎಂದರೆ ಬಾವಲಿ ಮಾತ್ರ. ಬೆಕ್ಕಿಲ್ಲ, ನರಿಯಿಲ್ಲ, ಇಲಿಯೂ ಇಲ್ಲ. ಹಾಗಾಗಿ ಹಕ್ಕಿಗಳಿಗೆ ನೆಲದಿಂದ ಭಯವೇ ಇರಲಿಲ್ಲ. ಹಲವು ಹಕ್ಕಿಗಳು ನೆಲದಲ್ಲೇ ಗೂಡು ಮಾಡುತ್ತವೆ. ಕೀಯಾ ಎಂಬ ಬೆಟ್ಟದ ಗಿಳಿಯೂ ಹಾಗೆಯೇ, ಬಂಡೆಯ ಸಂದಿಯಲ್ಲಿ, ಬೇರಿನ ಪೊಟರೆಯಲ್ಲಿ ಮೊಟ್ಟೆಯಿಟ್ಟು ಕೂರುತ್ತದೆ.

ಮೊದಲ ಸಲ ಹೋದಾಗ ನಾನು ಕಂಡದ್ದು ಈ ಕೀಯಾವನ್ನೇ. ಕಾರು ನಿಲ್ಲಿಸುವ ಜಾಗದಲ್ಲಿ ಒಂದು ನಡೆಯುತ್ತಾ ಬಂತು. ಕೋಳಿಯಷ್ಟು ದಪ್ಪ, ಪಾಚಿಬಣ್ಣ, ರೆಕ್ಕೆ ಎತ್ತಿದರೆ ಒಳಗೆಲ್ಲ ಕೆಂಡದ ಬಣ್ಣ. ತಲೆ ಓರೆ ಮಾಡಿ ನನ್ನ ಕೈಚೀಲವನ್ನೇ ನೋಡಿತು. ಮನೆಯಲ್ಲಿ ಕರಿದು ತಂದಿದ್ದ ಕೋಡುಬಳೆ ಇತ್ತು. ಒಂದು ಚೂರು ಮುರಿದು ಕೊಟ್ಟೆ. ತೆಗೆದುಕೊಂಡ ರೀತಿ ನೋಡಬೇಕಿತ್ತು, ಮರ್ಯಾದಸ್ಥರ ಹಾಗೆ! ಹಸಿದ ಜೀವಕ್ಕೆ ಒಂದು ತುತ್ತು ಕೊಟ್ಟೆನೆಂದು ಮನಸ್ಸು ತುಂಬಿತು.

ಅಳಿಯಂದಿರು ಓಡಿ ಬಂದರು. "ಅತ್ತೆ, ಬೇಡ, ದಯವಿಟ್ಟು ಕೊಡಬೇಡಿ" ಎಂದರು. ತಿನ್ನಿಸಬೇಡಿ ಎಂಬ ಬೋರ್ಡು ಹಿಂದೆಯೇ ಇತ್ತು, ನಾನು ನೋಡಿರಲಿಲ್ಲ. ಮನುಷ್ಯರ ಕೈಯಿಂದ ತಿಂದು ಅಭ್ಯಾಸವಾದ ಕೀಯಾ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಲು ಕಲಿಯುತ್ತದೆ. ಹಳೆಯ ಕಟ್ಟಡಗಳ ಮಾಡಿನ ಸೀಸದ ತಗಡು, ಸೀಸದ ತಲೆಯ ಮೊಳೆ ಇವನ್ನು ಕಚ್ಚಿ ವಿಷವೇರಿ ಸಾಯುತ್ತದೆ. ಇಲಿ, ಪಾಸಮ್‌ಗಳಿಗೆಂದು ಹೆಲಿಕಾಪ್ಟರಿನಿಂದ ಹಾಕುವ 1080 ಎಂಬ ವಿಷದ ಉಂಡೆಯನ್ನೂ ಇಂಥ ಹಕ್ಕಿಯೇ ಹೆಚ್ಚಾಗಿ ತಿನ್ನುತ್ತದೆ. ಈಗ ಉಳಿದಿರುವ ಕೀಯಾಗಳು ಕೆಲವೇ ಸಾವಿರ.

ಮಿಲಿಂದ ಪ್ರಶ್ನೆಯಲ್ಲಿ ರಾಜ ಕೇಳುವ ಒಂದು ಪ್ರಶ್ನೆ ನೆನಪಿರಬಹುದು. ತಿಳಿದು ತಪ್ಪು ಮಾಡುವವನಿಗೆ ಪಾಪ ಹೆಚ್ಚೋ, ತಿಳಿಯದೆ ಮಾಡುವವನಿಗೋ? ತಿಳಿಯದೆ ಮಾಡುವವನಿಗೆ ಎನ್ನುತ್ತಾರೆ ನಾಗಸೇನರು. ಕಾದ ಕಬ್ಬಿಣದ ಗುಂಡನ್ನು ಕಾದಿದೆ ಎಂದು ತಿಳಿಯದೆ ಹಿಡಿದವನ ಕೈ ಹೆಚ್ಚು ಸುಡುತ್ತದೆ ಎಂಬುದು ಅವರು ಕೊಡುವ ದೃಷ್ಟಾಂತ. ನಮ್ಮ ಅಧ್ಯಯನ ಗುಂಪಿನಲ್ಲಿ ಇದನ್ನು ಓದಿದಾಗ ನಾನು ಒಪ್ಪಿರಲಿಲ್ಲ, ಇದು ಅನ್ಯಾಯ ಎಂದು ವಾದಿಸಿದ್ದೆ. ಈಗ ನೋಡಿದರೆ ಕಾದ ಗುಂಡು ನನ್ನ ಕೈಚೀಲದಲ್ಲೇ ಇತ್ತು. ನನ್ನ ಕೈ ಸುಡಲಿಲ್ಲ ಅಷ್ಟೇ, ಸುಡುವುದಿದ್ದರೆ ಆ ಹಕ್ಕಿಗೆ.

ಇದು ಸಣ್ಣ ವಿಷಯ. ನಿಜವಾದ ಕಷ್ಟ ಎರಡನೆಯ ಸಲ ಹೋದಾಗ ಬಂತು.

ಅಳಿಯಂದಿರು ಸ್ವಯಂಸೇವಕರ ಒಂದು ತಂಡದಲ್ಲಿದ್ದಾರೆ. ಹದಿನೈದು ದಿನಕ್ಕೊಮ್ಮೆ ಕಾಡಿನ ಕಾಲುದಾರಿಯಲ್ಲಿ ಇಟ್ಟಿರುವ ಬೋನುಗಳನ್ನು ನೋಡಿ ಬರುವುದು ಅವರ ಕೆಲಸ. ಬೋನು ಎಂದರೆ ಹಿಡಿದು ಬೇರೆ ಕಡೆ ಬಿಡುವುದಲ್ಲ. ಮರದ ಪೆಟ್ಟಿಗೆ, ಒಳಗೆ ಬಲವಾದ ಸ್ಪ್ರಿಂಗು, ಆಸೆಗೆ ಒಂದು ಕೋಳಿಮೊಟ್ಟೆ. ಬರುವ ಪ್ರಾಣಿ ಸ್ಟೋಟ್. ಮುಂಗುಸಿಯಂತೆ ಉದ್ದ ಮೈ, ಅದಕ್ಕಿಂತ ಚಿಕ್ಕದು, ಬಾಲದ ತುದಿ ಕಪ್ಪು. ಗೂಡಿಗೆ ನುಗ್ಗಿ ಮರಿಗಳನ್ನೂ ಕಾವು ಕೂತ ತಾಯಿಯನ್ನೂ ಕೊಲ್ಲುತ್ತದೆ. ಬೀಚ್ ಮರಗಳು ಕೆಲವು ವರ್ಷ ವಿಪರೀತ ಬೀಜ ಬಿಡುತ್ತವೆ. ಆಗ ಇಲಿ ಹೆಚ್ಚುತ್ತದೆ, ಇಲಿ ತಿಂದು ಸ್ಟೋಟ್ ಹೆಚ್ಚುತ್ತದೆ, ಬೀಜ ಮುಗಿದು ಇಲಿ ಕಡಿಮೆಯಾದಾಗ ಹಕ್ಕಿಗಳ ಸರದಿ.

"ಅತ್ತೆ, ಆ ಡಬ್ಬಿಯಿಂದ ಒಂದು ಮೊಟ್ಟೆ ಕೊಡಿ" ಎಂದರು ಅಳಿಯಂದಿರು, ಪೆಟ್ಟಿಗೆಯ ಮುಂದೆ ಮಂಡಿಯೂರಿ. ನಾನು ಕೊಡಲಿಲ್ಲ. "ನನ್ನ ಕೈಯಲ್ಲಾಗದು, ಶೀಲ ತೆಗೆದುಕೊಂಡವಳು" ಎಂದೆ. ಅವರು ಏನೂ ಅನ್ನದೆ ಎದ್ದು ಬಂದು ತಾವೇ ತೆಗೆದುಕೊಂಡರು. ಎಂಟು ವರ್ಷದ ಮೊಮ್ಮಗ ನನ್ನ ಕೈ ಹಿಡಿದು ನಿಂತಿದ್ದ. "ಅಜ್ಜೀ, ಪಾಪ ಆದ್ರೆ ಅಪ್ಪ ಯಾಕೆ ಮಾಡ್ಬೇಕು? ಅಪ್ಪನಿಗೆ ಬರಲ್ವಾ ಪಾಪ?" ಎಂದ.

ಉತ್ತರ ಹೊಳೆಯಲಿಲ್ಲ. ಮುಂದಿನ ಪೆಟ್ಟಿಗೆಯಲ್ಲಿ ಒಂದು ಸ್ಟೋಟ್ ಸತ್ತು ಬಿದ್ದಿತ್ತು. ಅಳಿಯಂದಿರು ಕೈಗವಸು ಹಾಕಿ ಹೊರತೆಗೆದು ನೋಡಿದರು. ಹೆಣ್ಣು, ಮೊಲೆಗಳು ಊದಿದ್ದವು. ಇಲ್ಲಿ ಈಗ ವಸಂತ. ಎಲ್ಲೋ ಒಂದು ಬಿಲದಲ್ಲಿ ಕಣ್ಣು ತೆರೆಯದ ಮರಿಗಳಿರುತ್ತವೆ, ತಾಯಿ ಬರುವುದಿಲ್ಲ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಪುಸ್ತಕದಲ್ಲಿ ದಿನಾಂಕ ಬರೆದುಕೊಂಡು, ಅದನ್ನು ಪೊದೆಯ ಬುಡದಲ್ಲಿ ಇಟ್ಟು, ಮತ್ತೆ ಸ್ಪ್ರಿಂಗು ಎಳೆದು ಮೊಟ್ಟೆ ಇಟ್ಟರು.

ಧಮ್ಮಬಂಧುಗಳೇ, ಅಟ್ಟಕಥೆಗಳಲ್ಲಿ ಪ್ರಾಣಹತ್ಯೆಗೆ ಐದು ಅಂಗಗಳನ್ನು ಹೇಳುತ್ತಾರೆ. ಜೀವಿ ಇರಬೇಕು, ಅದು ಜೀವಿ ಎಂಬ ಅರಿವಿರಬೇಕು, ಕೊಲ್ಲುವ ಚೇತನ ಇರಬೇಕು, ಪ್ರಯತ್ನ ಇರಬೇಕು, ಅದರಿಂದ ಸಾವಾಗಬೇಕು. ಬೋನಿನಲ್ಲಿ ಐದೂ ಇವೆ. ಹಕ್ಕಿಗಳ ಮೇಲಿನ ಕರುಣೆಯಿಂದ ಮಾಡಿದ್ದು, ಆದ್ದರಿಂದ ಇದು ಹತ್ಯೆಯಲ್ಲ ಎಂದು ಸುತ್ತಿ ಬಳಸಿ ಹೇಳಲು ನನಗೆ ಇಷ್ಟವಿಲ್ಲ. ಕರುಣೆಯೂ ಇದೆ, ಕೊಲ್ಲುವ ಸಂಕಲ್ಪವೂ ಇದೆ. ಒಂದು ಇನ್ನೊಂದನ್ನು ತೊಳೆಯುವುದಿಲ್ಲ.

ಇನ್ನೊಂದು ವಾದವನ್ನು ಇಲ್ಲಿ ಬಹಳ ಕೇಳಿದೆ: ಸ್ಟೋಟ್ ಈ ನೆಲದ್ದಲ್ಲ, ಹೊರಗಿನದು, ಪೀಡೆ. ಈ ಮಾತು ಕೇಳಿದಾಗ ನನ್ನ ಮೈ ಬಿಗಿಯುತ್ತದೆ. ಯಾರು ಒಳಗಿನವರು, ಯಾರು ಹೊರಗಿನವರು, ಯಾರನ್ನು ಮುಟ್ಟಬಹುದು, ಯಾರನ್ನು ಓಡಿಸಬಹುದು ಎಂಬ ಲೆಕ್ಕ ಎಲ್ಲಿಗೆ ಹೋಗುತ್ತದೆಂದು ನಮ್ಮ ಗುಂಪಿನವರಿಗೆ ನಾನು ಹೇಳಬೇಕಿಲ್ಲ. ಆ ತಾಯಿ ಸ್ಟೋಟ್ ಹುಟ್ಟಿದ್ದು ಇದೇ ಕಾಡಿನಲ್ಲಿ, ಅದಕ್ಕೆ ಬೇರೆ ಊರಿಲ್ಲ. ಅದರ ಪೂರ್ವಜರನ್ನು ಹಡಗಿನಲ್ಲಿ ತಂದು ಬಿಟ್ಟವರು ಮನುಷ್ಯರು, 1880ರ ದಶಕದಲ್ಲಿ. ಮೊದಲು ತಾವೇ ತಂದ ಮೊಲ ಹೆಚ್ಚಾಗಿ ಕುರಿಗಳ ಹುಲ್ಲು ಮುಗಿಯಿತೆಂದು ಮೊಲ ಕೊಲ್ಲಲು ಸ್ಟೋಟ್ ತಂದರು. ಹಕ್ಕಿಗಳಿಗೆ ಅಪಾಯ ಎಂದು ಬಲ್ಲವರು ಆಗಲೇ ಎಚ್ಚರಿಸಿದ್ದರು. ಇನ್ನು ಕೀಯಾ! ಕುರಿಗಳನ್ನು ಕುಕ್ಕುತ್ತದೆ ಎಂದು ಸರ್ಕಾರವೇ ಕೊಕ್ಕಿಗೆ ಇಷ್ಟು ಎಂದು ಹಣ ಕೊಟ್ಟು ನೂರು ವರ್ಷದಲ್ಲಿ ಒಂದೂವರೆ ಲಕ್ಷದಷ್ಟು ಕೀಯಾಗಳನ್ನು ಕೊಲ್ಲಿಸಿತು. ಅಂದು ಪೀಡೆ ಎಂದರೆ ಕೀಯಾ. ಪೂರ್ತಿ ರಕ್ಷಣೆ ಸಿಕ್ಕಿದ್ದು 1986ರಲ್ಲಿ. ಪೀಡೆಯ ಹೆಸರು ಬದಲಾಯಿತು, ತಪ್ಪು ಮಾತ್ರ ಮೊದಲಿನಿಂದಲೂ ಒಬ್ಬರದೇ.

ಹಾಗಾದರೆ ಬೋನು ತೆಗೆದುಬಿಡಬೇಕೇ? ತೆಗೆದರೆ ಕೊಲೆ ನಿಲ್ಲುವುದಿಲ್ಲ. ಬಂಡೆಯ ಸಂದಿಯಲ್ಲಿ, ನಮ್ಮ ಕಣ್ಣಿಗೆ ಬೀಳದೆ ನಡೆಯುತ್ತದೆ. ನಾವು ಮಾಡಿಟ್ಟ ತಪ್ಪಿನ ಬೆಲೆಯನ್ನು ಗೂಡು ಬಿಟ್ಟು ಹೋಗದ ಹಕ್ಕಿ ಕೊಡುತ್ತದೆ. ಶಿಬಿ ಚಕ್ರವರ್ತಿಯ ಕಥೆ ನೆನಪಾಯಿತು. ಪಾರಿವಾಳವನ್ನೂ ಉಳಿಸಿದ, ಗಿಡುಗವನ್ನೂ ಕೊಲ್ಲಲಿಲ್ಲ, ತಕ್ಕಡಿಗೆ ತನ್ನ ಮಾಂಸ ಇಟ್ಟ. ಚಿಕ್ಕಂದಿನಿಂದ ಕೇಳಿ ಕಣ್ಣೀರು ಹಾಕಿದ ಕಥೆ. ಆದರೆ ಈ ಕಾಡಿನಲ್ಲಿ ನಾನು ತೊಡೆ ಕೊಯ್ದು ಕೊಟ್ಟರೂ ಸ್ಟೋಟ್ ಮಾರನೆಯ ದಿನ ಗೂಡಿಗೇ ಹೋಗುತ್ತದೆ. ಕೊಡಬಹುದಾದ್ದು ಬೇರೇನೋ ಇರಬೇಕು.

ರಾತ್ರಿ ನಿದ್ದೆ ಬಾರದೆ ಯೋಚಿಸಿದೆ. ಮೊಟ್ಟೆ ಕೊಡದಿದ್ದಾಗ ನಾನು ಕಾಪಾಡಿದ್ದು ಯಾರನ್ನು? ಸ್ಟೋಟನ್ನಲ್ಲ, ಅದರ ಮರಿಗಳನ್ನಲ್ಲ, ಕೀಯಾವನ್ನಂತೂ ಅಲ್ಲ. ನನ್ನ ಕೈಯನ್ನು. ಮಡಿಯಲ್ಲಿರುವವರು ದೂರ ನಿಂತು, ಕೊಳಕು ಕೆಲಸವನ್ನು ಇನ್ನೊಬ್ಬರಿಂದ ಮಾಡಿಸಿ, ಮಾಡಿದವರನ್ನೇ ಕೀಳೆನ್ನುವುದು ನಮಗೆ ಗೊತ್ತಿಲ್ಲದ ಪದ್ಧತಿಯೇನಲ್ಲ. ಬಾಬಾಸಾಹೇಬರ ಹಿಂದೆ ಧಮ್ಮಕ್ಕೆ ಬಂದ ಮನೆಯ ಹೆಣ್ಣುಮಗಳು ನಾನು. ಅಳಿಯಂದಿರ ಎದುರು ಆ ಕ್ಷಣ ನಾನು ಅದೇ ಮಡಿಯಲ್ಲಿ ನಿಂತಿದ್ದೆ. ಅದೂ ಮೊಮ್ಮಗನ ಮುಂದೆ.

ಶೀಲ ಸುಳ್ಳು ಎಂದು ಹೇಳುತ್ತಿಲ್ಲ. ಆ ಸತ್ತ ತಾಯಿಯ ಮೈ ನೋಡಿದ ಮೇಲೆ ಅದು ಇನ್ನೂ ನಿಜವೆನಿಸಿದೆ. ಮಾರನೆಯ ದಿನ ಅಳಿಯಂದಿರಲ್ಲಿ ಕ್ಷಮೆ ಕೇಳಿದೆ. ಅವರು, "ಅತ್ತೆ, ನೀವು ಬೇಡ ಅಂದಿದ್ದು ನನಗೆ ಒಳ್ಳೆಯದೇ ಆಯ್ತು. ನಮ್ಮ ತಂಡದಲ್ಲಿ ಎಷ್ಟು ಸಿಕ್ತು ಅಂತ ಲೆಕ್ಕ ಹೇಳಿ ನಗ್ತೀವಿ. ಇನ್ಮೇಲೆ ನಗೋಕೆ ಆಗಲ್ಲ" ಎಂದರು.

ಮೊಮ್ಮಗನಿಗೂ ಉತ್ತರ ಕೊಟ್ಟೆ, ತಡವಾಗಿ. ಅಪ್ಪ ಮಾಡುವುದು ಕೊಲ್ಲುವುದೇ ಕಂದ, ಅದರ ಭಾರ ಇದ್ದೇ ಇದೆ, ಅಪ್ಪ ಒಬ್ಬನೇ ಹೊರುವುದು ಬೇಡ ಎಂದೆ. ಎಷ್ಟು ಅರ್ಥವಾಯಿತೋ. "ಹಾಗಾದ್ರೆ ಮರಿಗಳಿಗೆ?" ಎಂದು ಕೇಳಿದ. ಸಂಜೆ ಮೆತ್ತಾ ಭಾವನೆಗೆ ಕೂತಾಗ ಅವನೂ ಪಕ್ಕದಲ್ಲಿ ಬಂದು ಕೂತ.

ನಾಳೆ ಮತ್ತೆ ಹೋಗುವ ದಿನ. ಮೊಟ್ಟೆಯ ಡಬ್ಬಿ ಫ್ರಿಜ್ಜಿನಲ್ಲಿದೆ, ನಾನೇ ಅಂಗಡಿಯಿಂದ ತಂದದ್ದು. "ಬರ್ತೀರಾ ಅತ್ತೆ?" ಎಂದು ಕೇಳಿದರು, ಬರುತ್ತೇನೆ ಎಂದಿದ್ದೇನೆ. ಸತ್ತದ್ದು ಸಿಕ್ಕರೆ ಈ ಸಲ ಹೊರತೆಗೆದು ಮಣ್ಣು ಮಾಡುವುದು ನಾನು ಎಂದೂ ಹೇಳಿದ್ದೇನೆ. ಮೊಟ್ಟೆ ತೆಗೆದು ಕೊಡುತ್ತೇನೆಯೇ ಎಂಬುದು ಮಾತ್ರ ಆ ಪೆಟ್ಟಿಗೆಯ ಮುಂದೆ ನಿಂತಾಗಲೇ ಗೊತ್ತಾಗಬೇಕು. ಭಾನುವಾರದ ಆನ್‌ಲೈನ್ ಕೂಟದಲ್ಲಿ ಭಂತೇಜಿಯವರ ಮುಂದೆ ಇದನ್ನು ಇಡುತ್ತೇನೆ, ನೀವೂ ಯೋಚಿಸಿಕೊಂಡು ಬನ್ನಿ. ಕೋಡುಬಳೆ ಈ ಸಲ ಕರಿಯುವುದಿಲ್ಲ.